ರೇಂಜ್ ಎಷ್ಟು ಬರ್ತೈತೆ?

ಟೈರಿನಂಗಡಿಯಲ್ಲಿ ಆಡಿದ ಮೊದಲ ಮಾತಿಗೇ ನಗೆಪಾಟಲಾದವಳು ನಾನು. ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ರಸ್ತೆಯಲ್ಲಿ ದಾದಾಪೀರ್ ಅವರ ಅಂಗಡಿ. "ಯಾವ ರೇಂಜಿನಾಗೆ ತೋರಿಸ್ಲಿ ಮೇಡಂ?" ಎಂದು ಕೇಳಿದರು. "ಇನ್ನೂರು ಬಂದ್ರೆ ಸಾಕು ರೀ. ಅದಕ್ಕಿಂತ ಕಮ್ಮಿ ಆಗಬಾರ್ದು" ಎಂದೆ. ಅವರು ನನ್ನನ್ನೂ ಹೊರಗೆ ನಿಂತಿದ್ದ ನಮ್ಮ ಎಲೆಕ್ಟ್ರಿಕ್ ಕಾರನ್ನೂ ಒಂದು ಸಲ ನೋಡಿದರು. "ಇನ್ನೂರಕ್ಕೆ ಸೈಕಲ್ ಟ್ಯೂಬ್ ಬರ್ತೈತೆ. ಕಾರಿಗೆ ಹಾಕ್ಕಂತೀನಿ ಅಂದ್ರೆ ನಂದೇನೂ ತಕರಾರಿಲ್ಲ."

ಅವರು ಕೇಳಿದ್ದು ಬೆಲೆಯ ರೇಂಜು, ನಾನು ಹೇಳಿದ್ದು ಒಂದು ಸಲ ಚಾರ್ಜ್ ಮಾಡಿದರೆ ಕಾರು ಓಡುವ ದೂರದ ರೇಂಜು. ಮೂರನೆಯದೊಂದಿದೆ, ಫೋನಿನದು. ನನ್ನ ಅಕ್ಕನನ್ನು ಕೊಟ್ಟ ಊರು ಜಗಳೂರಿನಾಚೆಯ ಸೊಕ್ಕೆ. ಅಲ್ಲಿ ನಮ್ಮ ಭಾವ ನನ್ನೊಡನೆ ಮಾತಾಡಬೇಕಾದರೆ ಮಾಳಿಗೆ ಹತ್ತಿ, ಒಂದು ಕೈಯಲ್ಲಿ ಲುಂಗಿ, ಇನ್ನೊಂದರಲ್ಲಿ ಫೋನು ಹಿಡಿದು, "ರೇಂಜ್ ಸಿಗವಲ್ದು ಕಣವ್ವ" ಎಂದು ಕೂಗುತ್ತಾರೆ. ಬೆಲೆ, ದೂರ, ದನಿ ಮೂರಕ್ಕೂ ಒಂದೇ ಪದ ಸಾಕಾಗಿರುವ ಕಾಲ ಇದು. ನಮ್ಮಜ್ಜಿಗೆ ಈ ಬಡತನವಿರಲಿಲ್ಲ. ಅವಳ ದೂರಗಳಿಗೆ ಬೇರೆಯೇ ಅಳತೆ. ಪಕ್ಕದ ಹಳ್ಳಿ ಎಷ್ಟು ದೂರವೆಂದರೆ "ಒಂದು ಬಾಯಿ ಎಲೆಯಡಿಕೆ" ಎನ್ನುತ್ತಿದ್ದಳು. ಅಗಿದು ಉಗುಳುವಷ್ಟರಲ್ಲಿ ಊರು ಬರುತ್ತಿತ್ತು. ಯಾರಿಗೂ ನಡುದಾರಿಯಲ್ಲಿ ಚಾರ್ಜ್ ಮುಗಿದ ನೆನಪಿಲ್ಲ.

ನನ್ನ ಇನ್ನೂರರ ಲೆಕ್ಕ ಸುಲಭ. ಹೊನ್ನಾಳಿಯಿಂದ ಸೊಕ್ಕೆಗೆ ಸುಮಾರು ನೂರು ಕಿಲೋಮೀಟರು, ಬರಲು ಇನ್ನೊಂದು ನೂರು. ಭಾನುವಾರ ಬೆಳಿಗ್ಗೆ ಪೂರ್ತಿ ತುಂಬಿದ ಬ್ಯಾಟರಿಯೊಂದಿಗೆ ಹೊರಟರೆ ಸಂಜೆ ಒಂಬತ್ತೋ ಹತ್ತೋ ಶೇಕಡಾ ಉಳಿಸಿಕೊಂಡು ಮನೆ ಸೇರುತ್ತಿದ್ದೆ. ಇದಕ್ಕೆಲ್ಲ ದಾಖಲೆಯಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲು ಬಾರದ ದಿನ, ಸಿಲಿಂಡರ್ ಬದಲಿಸಿದ ದಿನ ಬರೆದಿಡುವುದು ನನ್ನ ಹಳೆಯ ಚಾಳಿ. ಶಾಲೆಯಲ್ಲಿ ಹಾಜರಿ ಪುಸ್ತಕ, ಮನೆಯಲ್ಲಿ ಇದು. ಕಾರು ಬಂದ ಮೇಲೆ ಭಾನುವಾರದ ಚೌಕಗಳಲ್ಲಿ ಹೊರಟಾಗಿನ ಮತ್ತು ಮರಳಿದಾಗಿನ ಶೇಕಡಾ ಸೇರಿಕೊಂಡವು. ಅದರ ಕೆಳಗೆ ಸಣ್ಣಕ್ಷರದಲ್ಲಿ, ಅಕ್ಕ ಅವತ್ತು ನನ್ನನ್ನು ಏನೆಂದು ಕರೆದಳು ಎನ್ನುವುದು.

ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ನನಗೆ ಜಡೆ ಹಾಕಿ, ಮಗ್ಗಿ ಬಾಯಿಪಾಠ ಮಾಡಿಸಿ, ತಪ್ಪಿದರೆ ಅದೇ ಜಡೆ ಹಿಡಿದು ಜಗ್ಗಿದವಳು. ಎರಡು ವರ್ಷದಿಂದ ಅವಳಿಗೆ ಮರೆವಿನ ಕಾಯಿಲೆ. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿ, "ಇದು ಇಳೀತಾ ಹೋಗುತ್ತೆ, ಏರೋದಿಲ್ಲ" ಎಂದಿದ್ದರು. ಯುಗಾದಿಯ ಚೌಕದಲ್ಲಿ "ಪುಟ್ಟಿ" ಎಂದಿದೆ. ಶ್ರಾವಣದ ಹೊತ್ತಿಗೆ ನಾನು "ಟೀಚರಮ್ಮ" ಆಗಿದ್ದೆ. ದಸರೆ ಕಳೆದ ಮೇಲೆ "ನೀನು ಯಾರ ಪೈಕಿ ಯವ್ವಾ?" ಕಾರಿನ ಅಂಕಿ ಬೆಳಗಾಗುವುದರೊಳಗೆ ಮತ್ತೆ ನೂರಾಗುತ್ತದೆ. ಅದರ ಕೆಳಗಿನ ಸಾಲಿಗೆ ಚುಚ್ಚುವ ಪ್ಲಗ್ಗು ಯಾವ ಗೋಡೆಯಲ್ಲೂ ಇಲ್ಲ.

ಟೈರಿನ ಮಾತಿಗೆ ಬರುತ್ತೇನೆ. ಕಳೆದ ತಿಂಗಳು ಜಗಳೂರು ದಾಟಿದ ಮೇಲೆ ತುಂತುರು ಮಳೆ, ರಸ್ತೆಗೆ ಅಡ್ಡವಾಗಿ ಕುರಿಹಿಂಡು. ಬ್ರೇಕ್ ಒತ್ತಿದೆ. ಕಾರು ನಿಲ್ಲುವ ಬದಲು ಪಕ್ಕಕ್ಕೆ ಜಾರಿ, ಕಡೆಯ ಕುರಿಗೆ ಮೊಳದಷ್ಟು ದೂರದಲ್ಲಿ ನಿಂತಿತು. ಕುರಿ ತಲೆಯೆತ್ತಿ ನನ್ನನ್ನು ನೋಡಿತು. ನಮ್ಮ ಹೆಡ್‌ಮಾಸ್ಟರು ತಡವಾಗಿ ಬಂದವರನ್ನು ಹಾಗೆಯೇ ನೋಡುತ್ತಾರೆ.

"ಸವೆದು ಹೋಗ್ಯಾವೆ" ಎಂದರು ದಾದಾಪೀರ್, ಚಕ್ರದ ಮೇಲೆ ಕೈಯಾಡಿಸಿ. "ಈ ಗಾಡಿ ಸದ್ದು ಮಾಡಂಗಿಲ್ಲ, ಸುಮ್ನೆ ಕುಂತು ಟೈರ್ ತಿಂತೈತೆ. ಬ್ಯಾಟ್ರಿ ಭಾರ ನೋಡ್ರಿ." ಎರಡು ಬಗೆಯ ಹೊಸ ಟೈರುಗಳನ್ನು ಮುಂದಿಟ್ಟು ಉಗುರೂರಿ ನೋಡಲು ಹೇಳಿದರು. ಒಂದು ಗಟ್ಟಿ, ಇನ್ನೊಂದು ತುಸು ಮೆತ್ತಗೆ. ನನಗೆ ಚಪಾತಿ ಹಿಟ್ಟು ನೆನಪಾಯಿತು. ಗಟ್ಟಿ ಹಿಟ್ಟಿನ ಉಂಡೆ ಮಣೆಯ ಮೇಲೆ ತಳ್ಳಿದರೆ ಉರುಳಿಕೊಂಡು ಹೋಗುತ್ತದೆ, ಮೆತ್ತನೆಯದು ಮಣೆಗೆ ಕಚ್ಚಿಕೊಳ್ಳುತ್ತದೆ. ಗಟ್ಟಿ ಟೈರು ಹಾಕಿದರೆ ಹಳೆಯ ಇನ್ನೂರು ಹಾಗೆಯೇ ಉಳಿಯುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ. ಮೆತ್ತನೆಯದು ನೆಲವನ್ನು ಬಿಗಿಯಾಗಿ ಹಿಡಿಯುತ್ತದೆ, ಹಾಗೆ ಹಿಡಿದದ್ದಕ್ಕೆ ಇಪ್ಪತ್ತು ಕಿಲೋಮೀಟರು ಕಳೆಯುತ್ತದೆ.

"ಎರಡೂ ಇರೋದು ಇಲ್ವೇನ್ರೀ?"

"ಐತೆ ಅಂತ ಕಂಪ್ನಿಯೋರು ಹೇಳ್ತಾರೆ ಮೇಡಂ. ನಾನು ಹೇಳಂಗಿಲ್ಲ. ನೀವು ವಾಪಸ್ ಬಂದು ನನ್ನೇ ಬೈತೀರಿ."

ಇಪ್ಪತ್ತು ಕಳೆದರೆ ನಾನು ಹೊನ್ನಾಳಿಯ ಹೊಳೆಯ ಸೇತುವೆಯ ಮೇಲೆ ನಿಂತುಬಿಡುತ್ತೇನೆ. ನಮ್ಮ ಯಜಮಾನರು, "ದಾವಣಗೆರೆಯಾಗೆ ಅರ್ಧ ತಾಸು ಚಾರ್ಜಿಗೆ ಹಾಕಿದ್ರಾತು" ಎನ್ನುತ್ತಾರೆ. ಅವರು ಆ ಯಂತ್ರದ ಮುಂದೆ ನಿಂತವರಲ್ಲ. ಅದು ಒಂದು ಭಾನುವಾರ ಕೆಟ್ಟಿರುತ್ತದೆ, ಇನ್ನೊಂದು ಭಾನುವಾರ ಸರಿಯಿದ್ದು ಮುಂದೆ ನಾಲ್ಕು ಕಾರುಗಳಿರುತ್ತವೆ. ಉಳಿದದ್ದು ಸೊಕ್ಕೆಯಲ್ಲೇ, ಭಾವನ ಮನೆಯ ನೀರಿನ ಮೋಟರಿನ ಪ್ಲಗ್ಗಿಗೆ ಚುಚ್ಚುವುದು. ಅಲ್ಲಿ ಕರೆಂಟು ಬರುವುದೇ ಮಧ್ಯಾಹ್ನದ ಮೇಲೆ, ಚಾರ್ಜು ಏರುವುದೂ ಮೆಲ್ಲಗೆ, ಮೂರು ತಾಸಾದರೂ ಬೇಕು. ಮೂರು ತಾಸೆಂದರೆ ಸಂಜೆಯಾಗುತ್ತದೆ.

ಸಂಜೆಗೆ ನಾನು ಹೆದರುತ್ತೇನೆ. ಬಿಸಿಲು ಇಳಿಯುತ್ತಿದ್ದಂತೆ ಅಕ್ಕ ಒಂದು ಸೀರೆ, ಬಾಚಣಿಗೆ, ಸ್ಟೀಲಿನ ಲೋಟವನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಬಾಗಿಲಿಗೆ ಬರುತ್ತಾಳೆ. "ಊರಿಗೆ ಹೋಗ್ತೀನಿ. ಅವ್ವ ಕಾಯ್ತಿರ್ತಾಳೆ." ಅವ್ವ ಸತ್ತು ಹದಿನೆಂಟು ವರ್ಷ. ಒಮ್ಮೆ ನಿಜವಾಗಿಯೂ ಅವಳ ತವರೂರು ಹೊನ್ನಾಳಿಗೆ ಕರೆತಂದೆವು. ನಮ್ಮ ಮನೆಯ ಜಗುಲಿಯಲ್ಲಿ ಕೂತು, ಸಂಜೆಗೆ ಅದೇ ಗಂಟು ಕಟ್ಟಿದಳು. ಅವಳ ಊರು ಯಾವ ಕಾರಿನ ರೇಂಜಿನಲ್ಲೂ ಇಲ್ಲ ಎಂದು ಆವತ್ತು ಗೊತ್ತಾಯಿತು. ಆಮೇಲೆ ನಾನು ಸೊಕ್ಕೆಯಿಂದ ಮೂರು ಗಂಟೆಗೇ ಹೊರಡತೊಡಗಿದೆ. "ಹೊತ್ತಾದ್ರೆ ಲೈಟ್ ಹಾಕಬೇಕು ಭಾವ, ಚಾರ್ಜ್ ಸಾಲಂಗಿಲ್ಲ." ಭಾವ ಪಾಪ, ತಲೆಯಾಡಿಸುತ್ತಿದ್ದರು. ದೀಪಕ್ಕೆ ಎಷ್ಟು ಚಾರ್ಜು ಹೋದೀತು? ಅದು ನನಗೂ ಗೊತ್ತಿತ್ತು, ಬಹುಶಃ ಅವರಿಗೂ.

ಇದನ್ನೆಲ್ಲ ದಾದಾಪೀರ್ ಅವರಿಗೆ ಹೇಳಲಿಲ್ಲ. ಅಕ್ಕನಿಗೆ ಹುಷಾರಿಲ್ಲ, ಅವತ್ತೇ ತಿರುಗಿ ಬರಬೇಕು ಎಂದಷ್ಟೇ ಹೇಳಿ, ಗಟ್ಟಿ ಟೈರಿನ ಮೇಲೆ ಕೈಯಿಟ್ಟೆ.

"ಅಕ್ಕಾರ ಮನೀಗೆ ಹೋಗಾಕಾ?" ಎಂದರು ಅವರು. "ಹಂಗಾದ್ರೆ ಅಲ್ಲೇ ವೈರ್ ಚುಚ್ಚಿ ಕುಂದ್ರಿ. ಓಡಿ ಬರಾಕೆ ಏನು ಅರ್ಜೆಂಟ್ ಐತೆ?"

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಗಟ್ಟಿ ಟೈರಿನಿಂದ ಕೈ ತೆಗೆದು, ಮೆತ್ತನೆಯದನ್ನು ಹಾಕಿಸಿಕೊಂಡು ಬಂದೆ.

ಮರುಭಾನುವಾರ ಸೊಕ್ಕೆ ಮುಟ್ಟಿದಾಗ ನಲವತ್ತೆಂಟು ಶೇಕಡಾ. ಊಟ ಮುಗಿಸಿ ಭಾವ ಕಿಟಕಿಯಿಂದ ವೈರು ಎಳೆದುಕೊಟ್ಟರು. ಗಡಿಯಾರ ಮೂರು ದಾಟಿತು, ನಾನು ಹೊರಡಲಿಲ್ಲ. ಬಿಸಿಲು ಇಳಿದಂತೆ ಅಕ್ಕ ಗಂಟು ಹಿಡಿದು ಬಂದವಳು ನೇರವಾಗಿ ಕಾರಿನೊಳಗೆ ಕೂತಳು. ನಾನು ಪಕ್ಕದಲ್ಲಿ ಕೂತು ಸ್ಟೀರಿಂಗ್ ಹಿಡಿದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ. ಸದ್ದಿಲ್ಲದ ಗಾಡಿ. ನಿಂತಿದೆಯೋ ಓಡುತ್ತಿದೆಯೋ ಕಿವಿಗೆ ತಿಳಿಯುವುದಿಲ್ಲ.

ಸ್ವಲ್ಪ ಹೊತ್ತಿಗೆ, "ಎಲ್ಲಿಗ್ ಬಂದ್ವಿ?" ಎಂದಳು.

"ಜಗಳೂರು ದಾಟ್ತು."

ಕಣ್ಣು ಮುಚ್ಚಿ ತೆಗೆದಳು. "ಈಗ?"

"ದಾವಣಗೆರೆ."

"ಡ್ರೈವರಪ್ಪಾ, ಹೊಳೆ ಬಂದ್ರೆ ಹೇಳು ಮತ್ತೆ."

"ಬಂತು ನೋಡವ್ವ" ಎಂದೆ. ಅವಳು ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯ ತೆಗೆದು, ಹಣೆಗೊತ್ತಿಕೊಂಡು, ಕಿಟಕಿಯಿಂದ ತುಂಗಭದ್ರೆಗೆ ಎಸೆದಳು. ಅದು ಅಂಗಳದಲ್ಲಿ ಬಿತ್ತು. ಕೋಳಿಯೊಂದು ಓಡಿಬಂದು ಕುಕ್ಕಿ ನೋಡಿ, ಬಿಟ್ಟು ಹೋಯಿತು. ಅಕ್ಕ ಬಾಗಿಲು ತೆಗೆದು ಇಳಿದಳು. ನಲವತ್ತು ವರ್ಷ ಬಾಳಿದ ತನ್ನದೇ ಮನೆಯ ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟು, "ಅವ್ವಾ, ಬಂದೆ" ಎನ್ನುತ್ತ ಒಳಗೆ ಹೋದಳು. ಭಾವ ಪ್ಲಗ್ಗಿನ ಹತ್ತಿರ ನಿಂತು ಗೋಡೆ ನೋಡುತ್ತಿದ್ದರು.

ಆ ಚೌಕದಲ್ಲಿ "ಡ್ರೈವರಪ್ಪ" ಎಂದು ಬರೆದಿದ್ದೇನೆ.

ಉಪಾಯ ಸಿಕ್ಕಿತೆಂದು ನಾನು ಹಿಗ್ಗಿದೆ. ಆದರೆ ಅದರ ಮುಂದಿನ ಭಾನುವಾರ ಅಕ್ಕ ಕಾರಿನಲ್ಲಿ ಕೂತಳು, ಜಗಳೂರು ಬಂತೆಂದರೂ ಹೊಳೆ ಬಂತೆಂದರೂ ಮಾತಾಡಲಿಲ್ಲ, ಇಳಿಯಲೂ ಇಲ್ಲ. ನನ್ನ ಮಣಿಕಟ್ಟನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಿದ್ದಳು, ಬಳೆಯ ಗುರುತು ಮೂಡುವಷ್ಟು. ಕಾರಿನ ಚಾರ್ಜು ಎಪ್ಪತ್ತಕ್ಕೆ ಏರಿತು, ಎಂಬತ್ತೂ ದಾಟಿತು. ಆ ಚೌಕದ ಕೆಳಗೆ ಬರೆಯಲು ಏನೂ ಇರಲಿಲ್ಲ.

ಮೊನ್ನೆ ಗಾಳಿ ನೋಡಿಸಲು ಹೋದಾಗ ದಾದಾಪೀರ್ ಕೇಳಿದರು, "ಹೆಂಗೈತೆ ಮೇಡಂ ಹೊಸ ಟೈರು? ರೇಂಜ್ ಎಷ್ಟು ಬರ್ತೈತೆ?"

"ರೇಂಜ್ ಇಲ್ಲ ರೀ" ಎಂದೆ. "ಹಿಡಿತ ಐತೆ."