ಖಾಸಿಂ ಚಾಚಾರ ಸೋಮವಾರ

ಖಾಸಿಂ ಚಾಚಾರ ಬಾಯಲ್ಲಿ ಸದಾ ಒಂದು ಸೂಜಿ ಇರುತ್ತಿತ್ತು. ಮಾತಾಡುವಾಗ ತುಟಿಯ ಮೂಲೆಗೆ ಸರಿಯುತ್ತಿತ್ತು, ಕೈ ಖಾಲಿಯಿದ್ದರೆ ಹುಳುಕು ಹಲ್ಲನ್ನು ಕೆದಕುತ್ತಿತ್ತು. ಕಮಲಾಪುರದ ಬಸ್ ಸ್ಟ್ಯಾಂಡಿನ ಹಿಂದೆ ಅವರ ಹೊಲಿಗೆ ಅಂಗಡಿ. ನನ್ನ ಶಾಲೆಯ ಯೂನಿಫಾರ್ಮಿನಿಂದ ಹಿಡಿದು ನರ್ಸ್ ಕೆಲಸದ ಮೊದಲ ಬಿಳಿ ಕೋಟಿನವರೆಗೆ ಎಲ್ಲ ಅಲ್ಲಿಯೇ ಹೊಲಿದದ್ದು. "ಚಾಚಾ, ಆ ಹಲ್ಲು ಕೀಳಿಸ್ರಿ" ಎಂದು ಎಷ್ಟು ಸಲ ಹೇಳಿದ್ದೆನೋ. "ಇರ್ಲಿ ಬೇಟಿ, ಹಳೇ ದೋಸ್ತ" ಎನ್ನುತ್ತಿದ್ದರು.

ಕೆಲಸದಲ್ಲಿ ಮಾತ್ರ ಈ ಉಡಾಫೆ ಇರಲಿಲ್ಲ. ಒಮ್ಮೆ ಅವ್ವ ಮದುವೆಗೆ ಹೊರಟು ನಿಂತಾಗ, ಹೊಲಿದಿಟ್ಟಿದ್ದ ಜಂಪರನ್ನು ತಿರುವಿ ನೋಡಿ ಪೂರ್ತಿ ಬಿಚ್ಚಿಬಿಟ್ಟರು. ಅವ್ವ ಬೈದರೂ ಕೇಳಲಿಲ್ಲ. "ಮ್ಯಾಲೆ ಚಂದ ಕಂಡ್ರ ಏನಾಯ್ತು ಅಕ್ಕೋರೆ? ಒಳಗ ಹೊಲಿಗಿ ಕಚ್ಚಾ ಅದ." ಅವ್ವ ಹಳೆಯ ಜಂಪರಿನಲ್ಲೇ ಹೋದಳು.

ಹೋದ ವರ್ಷ ಅವರಿಗೆ ಜ್ವರ ಹಿಡಿಯಿತು. ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿದರೆ ಇಳಿಯುತ್ತಿತ್ತು, ಬಿಟ್ಟರೆ ಏರುತ್ತಿತ್ತು. ತಿಂಗಳಾದ ಮೇಲೆ ನಾನೇ ಕಲಬುರಗಿಗೆ ಎಳೆದು ತಂದು ನನ್ನ ವಾರ್ಡಿಗೆ ಸೇರಿಸಿದೆ. ಎಕೋ ಮಾಡಿದ ಡಾಕ್ಟರು ಬಿಡಿಸಿ ಹೇಳಿದರು: ಸೋಂಕು ಹಲ್ಲಿನಿಂದಲೇ ರಕ್ತಕ್ಕಿಳಿದಿರಬಹುದು, ಈಗ ಹೃದಯದ ಕವಾಟದಲ್ಲಿ ಕೂತಿದೆ, ಅದರ ಬುಡದಲ್ಲಿ ಕೀವು ಕಟ್ಟುತ್ತಿದೆ. ಆರು ವಾರ ಇಂಜೆಕ್ಷನ್ ತಪ್ಪಬಾರದು, ಆಪರೇಷನ್ನೂ ಬೇಕಾಗಬಹುದು. ತಪ್ಪಿದರೆ ಅಲ್ಲಿ ಹೃದಯದ ಗೋಡೆ ತೆಳ್ಳಗಾಗಿ, ಉಬ್ಬಿ, ಒಡೆಯುತ್ತದೆ.

ನಾನು ಮಾಡಿದ ತಪ್ಪು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಹತ್ತನೆಯ ದಿನ ಥರ್ಮಾಮೀಟರ್ ನೋಡಿ ಖುಷಿಯಿಂದ, "ಚಾಚಾ, ಜ್ವರ ಹೋಯ್ತು" ಎಂದೆ. ಮರುದಿನ ನನಗೆ ರಜೆ. ಅವರು 'ನನ್ನ ಜವಾಬ್ದಾರಿ ಮೇಲೆ ಹೋಗ್ತೀನಿ' ಎಂಬ ಕಾಗದಕ್ಕೆ ಸಹಿ ಹಾಕಿ ಕಮಲಾಪುರದ ಬಸ್ ಹತ್ತಿದ್ದರು.

ಶನಿವಾರ ಸಿಟ್ಟಿನಿಂದಲೇ ಅಂಗಡಿಗೆ ಹೋದೆ. ಚಾಚಾ ಮಶೀನಿನ ಮುಂದಿದ್ದರು, ಬಾಯಲ್ಲಿ ಅದೇ ಸೂಜಿ. ಇಂಜೆಕ್ಷನ್ನಿನ ಪಟ್ಟಿ ಕೈಗೆ ಇನ್ನೂ ಅಂಟಿಕೊಂಡಿತ್ತು.

"ನೀನೇ ಅಂದಿದ್ದಿ ಅಲ್ಲ ಬೇಟಿ, ಜ್ವರ ಹೋಯ್ತು ಅಂತ. ಮದಲಗಿತ್ತಿ ಜಂಪರ್ ಅವ. ಜಬಾನ್ ಕೊಟ್ಟೀನಿ, ಮಾತು ತಪ್ಪಂಗಿಲ್ಲ."

"ಒಳಗ ಕಚ್ಚಾ ಅದ ಚಾಚಾ. ನೀವೇ ಅಂತಿದ್ರಲ್ಲ."

ಮಶೀನು ನಿಂತಿತು. ಸೂಜಿಯನ್ನು ಬಾಯಿಂದ ತೆಗೆದು ಅಂಗಿಯ ಕಾಲರಿಗೆ ಚುಚ್ಚಿಕೊಂಡರು. "ಸೋಮವಾರ ಬರ್ತೀನಿ."

"ಈಗ ನಡೀರಿ."

"ಎರಡ ದಿನ ಬೇಟಿ. ಎರಡ ದಿನದಾಗ ಏನಾಗ್ತದ?"

ಕೈ ಹಿಡಿದು ಎಳೆಯಬೇಕಿತ್ತು. ದೊಡ್ಡವರು, ಎದುರಿಗೆ ಗಿರಾಕಿಗಳಿದ್ದಾರೆ ಎಂದು ಸಂಕೋಚಪಟ್ಟೆ. ಆ ಸಂಕೋಚಕ್ಕೆ ಬೆಂಕಿ ಬೀಳಲಿ.

ಸೋಮವಾರ ಬೆಳಿಗ್ಗೆ ವಾರ್ಡಿನಲ್ಲಿ ಅವರ ಮಂಚಕ್ಕೆ ಹೊಸ ಚಾದರ ಹಾಸಿ ಕಾದೆ. ಚಾಚಿಯ ಫೋನ್ ಬಂತು. ಬಸ್ಸಿಗೆಂದು ಹೊರಟು ಚಪ್ಪಲಿ ಮೆಟ್ಟುವಾಗ ಎದೆ ಹಿಡಿದುಕೊಂಡು ಕುಸಿದರಂತೆ, ಮತ್ತೆ ಏಳಲಿಲ್ಲವಂತೆ. ಜಂಪರುಗಳೆಲ್ಲ ಹಿಂದಿನ ದಿನವೇ ಮುಗಿದಿದ್ದವಂತೆ.

ಈಗಲೂ ವಾರ್ಡಿನಲ್ಲಿ ಬೆಳಿಗ್ಗೆ ಯಾರಾದರೂ ಕೇಳುತ್ತಾರೆ, "ಜ್ವರ ಎಷ್ಟದರಿ ಸಿಸ್ಟರ್?" ನಾನು ಚಾರ್ಟಿನಲ್ಲಿ ಬರೆದುಕೊಳ್ಳುತ್ತೇನೆ, ಹೇಳುವುದಿಲ್ಲ.

"ಇಂಜೆಕ್ಷನ್ ಇನ್ನಾ ಹದಿನೆಂಟು ದಿನ ಅದ" ಎನ್ನುತ್ತೇನೆ.