ನಾಲ್ಕನೇ ಮಹಡಿಯ ಬಾಗಿಲು

ಆ ಏಳಂತಸ್ತಿನ ಕಚೇರಿ ಕಟ್ಟಡದ ಲಿಫ್ಟಿನವನು ಇಪ್ಪತ್ತಾರು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಸವೆದಿದ್ದ. ಸ್ಟೂಲೂ ಸವೆದಿತ್ತು; ಅದಕ್ಕೆ ಎರಡು ಸಲ ಹೊಸ ಕಾಲು ಹಾಕಿಸಿದ್ದರು. ಇವನ ಮೊಣಕಾಲನ್ನು ಕೇಳುವವರಿರಲಿಲ್ಲ.

ಅವನಿಗೊಂದು ಚಟ, ಕಥೆ ಬರೆಯುವುದು. ಸರಕು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿರಲಿಲ್ಲ, ಅದು ತಾನಾಗಿಯೇ ಲಿಫ್ಟ್ ಹತ್ತಿ ಬರುತ್ತಿತ್ತು. ಗೋಡೆಗೆ ಕಿವಿಯುಂಟೆಂದು ಜನ ಅಂಜುತ್ತಾರೆ. ಲಿಫ್ಟಿನವನಿಗೂ ಉಂಟೆಂದು ಯಾರಿಗೂ ಹೊಳೆಯುವುದಿಲ್ಲ. ತೊಂದರೆ ಒಂದೇ. ಮಾತು ಕಾವೇರುವ ಹೊತ್ತಿಗೆ ಅವರ ಮಹಡಿ ಬಂದುಬಿಡುತ್ತಿತ್ತು.

ಐದನೇ ಮಹಡಿಯಲ್ಲಿ ಒಂದು ವಾರಪತ್ರಿಕೆಯಿತ್ತು. ಅಲ್ಲಿಗೆ ಕೊಟ್ಟ ಹನ್ನೊಂದು ಕಥೆಗಳೂ ಹೋದ ದಾರಿಯಲ್ಲೇ ವಾಪಸ್ಸಾಗಿದ್ದವು.

"ಶುರುವೇನೋ ಚೆನ್ನಾಗಿ ಮಾಡ್ತೀರಿ, ಆಮೇಲೆ ಜನರನ್ನ ಮಧ್ಯದಲ್ಲೇ ಇಳಿಸಿ ಹೋಗ್ಬಿಡ್ತೀರಿ," ಎಂದಿದ್ದಳು ಸಂಪಾದಕಿ. "ಕೊನೆ ಇರೋದು ಒಂದು ತಂದ್ಕೊಡಿ, ಹಾಕ್ತೀನಿ. ಮುಂದಿನ ತಿಂಗಳು ನಾನು ನಿವೃತ್ತಿ ಆಗ್ತೀನಿ."

ಕೊನೆಯನ್ನು ಕಲ್ಪಿಸುವುದು ಅವನಿಗೆ ಒಗ್ಗದು. ಹೆಂಡತಿ ಕಲ್ಪಿಸಿಕೊಡುತ್ತಿದ್ದಳು, ಆದರೆ ಅವಳ ಕೊನೆಗಳಲ್ಲಿ ಗಂಡಸರೆಲ್ಲ ಮೆಟ್ಟಿಲಿಂದ ಜಾರಿ ಬೀಳುತ್ತಿದ್ದರು.

ಮೂರು ವಾರದಿಂದ ಅವನ ಕಿವಿ ನಾಲ್ಕನೇ ಮಹಡಿಯ ಇಬ್ಬರು ಹೆಂಗಸರ ಮೇಲಿತ್ತು. ಒಬ್ಬಳು ಕಡತದ ಕೋಣೆಯ ಗುಮಾಸ್ತೆ. ಬೆನ್ನಿನ ಆಪರೇಷನ್ ಆದ ಮೇಲೂ ದಿನವಿಡೀ ಬಗ್ಗಿ ಎದ್ದು ಕಡತ ಹೊರುವ ಕೆಲಸ. ಇನ್ನೊಬ್ಬಳು ಅವಳ ಗೆಳತಿ.

"ಕೂತು ಮಾಡೋ ಕೆಲಸ ಕೊಡಿ ಅಂತ ಇವತ್ತಾದ್ರೂ ಕೇಳ್ತೀಯೇನೇ?"

"ಕೇಳ್ತೀನಿ ಕಣೇ. ಇವತ್ತು ಖಂಡಿತ."

"ನಿನ್ನ ಖಂಡಿತಕ್ಕೆ ತಲೆ ನರೆತು ಹೋಯ್ತು. ಮ್ಯಾನೇಜರ್ ಏನು ಹುಲಿನಾ?"

ಒಂದು ಮಧ್ಯಾಹ್ನ ಗುಮಾಸ್ತೆ ಒಬ್ಬಳೇ ಲಿಫ್ಟ್ ಹತ್ತಿದಳು. ತುಟಿ ಏನನ್ನೋ ಉರುಹೊಡೆಯುತ್ತಿತ್ತು. ನಾಲ್ಕರಲ್ಲಿ ಇಳಿದಳು. ಲಿಫ್ಟಿನವನು ಎದ್ದು ಹಿಂದೆಯೇ ಹೋದ. ಕಂಬಿ ಬಾಗಿಲು ತೆರೆದಿದ್ದರೆ ಲಿಫ್ಟ್ ಕದಲದು ಎಂಬುದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಆದರೂ ಮುಚ್ಚಲು ಮರೆತ.

ಅವಳು ಮ್ಯಾನೇಜರನ ಬಾಗಿಲ ಮುಂದೆ ನಿಂತು ಕೈ ಎತ್ತಿದಳು. ಇಳಿಸಿದಳು. ಕೂದಲು ಸರಿಮಾಡಿಕೊಂಡು ಮತ್ತೆ ಎತ್ತಿದಳು. ಒಳಗೆ ಯಾರೋ ಫೋನಿನಲ್ಲಿ ನಕ್ಕರು. ಮೂರನೇ ಸಲ ಬೆರಳು ಮರಕ್ಕೆ ತಾಗಿತೋ ಇಲ್ಲವೋ, ಸದ್ದಂತೂ ಆಗಲಿಲ್ಲ. ತಿರುಗಿದಳು, ಇವನನ್ನು ಕಂಡಳು, ಬಳಸಿಕೊಂಡು ಹೋದಳು.

ಕೆಳಗೆ ಗದ್ದಲವೆದ್ದಿತ್ತು. ಕಟ್ಟಡದ ಮೇಲ್ವಿಚಾರಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. "ಲಿಫ್ಟ್ ಬಿಟ್ಟು ಎಲ್ಲಿಗೆ ಸ್ವಾಮಿ ಸವಾರಿ? ಇಲ್ಲೇನಿತ್ತು?"

"ಏನೂ ಇರಲಿಲ್ಲ."

ಆ ಏನೂ ಇಲ್ಲದ್ದಕ್ಕೆ ಒಂದು ನೋಟಿಸ್ ಬಂತು.

ಸಂಜೆ ಗೆಳತಿಯರಿಬ್ಬರೂ ಲಿಫ್ಟಿನಲ್ಲಿದ್ದರು. "ಕೇಳಿದ್ಯಾ?"

"ಕೇಳ್ದೆ ಕಣೇ. ನೋಡೋಣ ಅಂದ್ರು."

"ನೋಡಿದ್ಯಾ, ಸುಮ್ನೆ ಹೆದರ್ತಿದ್ದೆ!"

ಲಿಫ್ಟಿನವನು ಲಿಫ್ಟ್ ನಡೆಸುವ ಹಿಡಿಕೆಯಿಂದ ಕಣ್ಣೆತ್ತಲಿಲ್ಲ.

ಭಾನುವಾರ ಆ ಬಾಗಿಲ ಕಥೆಯನ್ನು ಒಂದೇ ಬೈಠಕ್ಕಿನಲ್ಲಿ ಬರೆದು ಮುಗಿಸಿದ. ಹೆಂಡತಿ ಓದಿದಳು. "ಇದಕ್ಕೆ ಕೊನೆ ಇದೆ ಕಣ್ರೀ," ಎಂದಳು. ಕಾಗದ ವಾಪಸ್ ಕೊಡುತ್ತ, "ಆ ಪತ್ರಿಕೆ ನಿಮ್ಮ ಕಟ್ಟಡದಲ್ಲಿ ಎಲ್ಲರ ಮೇಜಿನ ಮೇಲೂ ಇರುತ್ತಲ್ವಾ?"

"ಇರುತ್ತೆ."

"ಆ ಗೆಳತಿ ಓದ್ತಾಳೆ."

"ಹೆಸರು ಬದಲಾಯಿಸ್ತೀನಿ."

"ಬೆನ್ನು ಬದಲಾಯಿಸ್ತೀರಾ?"

ಅವನು ಕಾಗದ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡ.

ಸೋಮವಾರ ಬೆಳಿಗ್ಗೆ ಲಿಫ್ಟಿನಲ್ಲಿ ಸಂಪಾದಕಿಯಿದ್ದಳು. ಮೂಲೆಯಲ್ಲಿ ಗುಮಾಸ್ತೆ, ಒಂದು ಕೈ ಸೊಂಟದ ಮೇಲೆ.

"ಏನಾದ್ರೂ ಸಿಕ್ತಾ? ಶುಕ್ರವಾರ ನನ್ನ ಕೊನೇ ದಿನ," ಎಂದಳು ಸಂಪಾದಕಿ.

"ಇಲ್ಲ ಮೇಡಂ."

ನಾಲ್ಕರಲ್ಲಿ ಗುಮಾಸ್ತೆ ಇಳಿದಳು. ಐದನೆಯದಕ್ಕೆ ಇನ್ನೂ ಹತ್ತು ಸೆಕೆಂಡಿತ್ತು. ಜೇಬಿಗೆ ಕೈ ಹಾಕಲು ಅಷ್ಟು ಧಾರಾಳ ಸಾಕು. ಅವನು ಹಾಕಲಿಲ್ಲ. ಇದನ್ನು ದೊಡ್ಡ ಗುಣವೆಂದು ಹೊಗಳುವ ಅಗತ್ಯವಿಲ್ಲ. ನಾಳೆಯೂ ನಾಡಿದ್ದೂ ಅವಳನ್ನು ಮೇಲಕ್ಕೆ ಒಯ್ಯಬೇಕಾದವನು ಅವನೇ; ಆ ನಾಲ್ಕು ಮಹಡಿ ಈಗಿರುವುದಕ್ಕಿಂತ ಭಾರವಾಗುವುದು ಅವನಿಗೆ ಬೇಡವಾಗಿತ್ತು, ಅಷ್ಟೇ.

"ಹೊಸಬರಿಗೆ ನಿಮ್ಮ ವಿಷಯ ಹೇಳಿರ್ತೀನಿ ಬಿಡಿ," ಎಂದಳು ಸಂಪಾದಕಿ.

"ಆಗಲಿ ಮೇಡಂ," ಎಂದು ಮೊಣಕಾಲು ಹಿಡಿದುಕೊಂಡು ಎದ್ದು, ಐದನೇ ಮಹಡಿಯ ಬಾಗಿಲು ಎಳೆದ.