ಪಾಯಪ್ಪ ಕಾಕಾ ಬಾಚಿದ ತಲೆ

“ಅವ್ವಾ, ಪಾಯಪ್ಪಜ್ಜ ಫೋಟೋದಾಗಿನ ಮಂದೀನ್ನ ಅಳಸ್ತಾನಲ್ಲ, ಅವರೆಲ್ಲಾ ಎಲ್ಲಿ ಹೋಗ್ತಾರ?”

ನೀಲಾಳಿಗೆ ಆಗ ಐದು ವರ್ಷ. ನನ್ನ ತೊಡೆಯ ಮೇಲೆ ಎಂಟು ತಿಂಗಳ ಕೂಸು, ಎರಡೂ ಕೈ ಜೋಳದ ಹಿಟ್ಟಿನಲ್ಲಿ. “ನನಗೇನ್ ಗೊತ್ತ, ಅಜ್ಜನ್ನ ಕೇಳ ಹೋಗು” ಎಂದೆ. ಅವಳು ಎದ್ದು ಓಡಿದಳು. ಅಜ್ಜನ ಬಣ್ಣದ ಬಟ್ಟಲು ಇವಳ ಕೈಗೆ ಸಿಕ್ಕರೆ ಏನಾಗುತ್ತದೆಂದು ನನಗೆ ಗೊತ್ತು. ಕೈ ತೊಳೆದು, ಕೂಸನ್ನು ಬಗಲಿಗೇರಿಸಿ ಹಿಂದೆಯೇ ಹೋದೆ.

ಅದು ೧೯೭೮ನೇ ಇಸವಿ. ಬೆಳಗಾವಿಯ ಶಹಾಪುರದ ಬಸವನ ಗಲ್ಲಿಯ ಒಂದು ಹಳೇ ವಾಡೆಯಲ್ಲಿ ಮುಂದಿನ ಎರಡು ಖೋಲಿ ನಮ್ಮವು, ಹಿಂದಿನ ಎರಡು ಪಾಯಪ್ಪ ಕಾಕಾ ಮತ್ತು ಅವರ ಹೆಂಡತಿ ಹೀರಾಬಾಯಿ ಕಾಕು ಅವರವು. ನಡುವೆ ಅಂಗಳ. ಉತ್ತರಕ್ಕೆ ಮುಖ ಮಾಡಿದ ಅವರ ಪಡಸಾಲೆಯಲ್ಲಿ ಒಂದು ಇಳಿಜಾರಾದ ಮೇಜಿತ್ತು. ಅದರ ನಡುವೆ ಮಸುಕು ಗಾಜು, ಗಾಜಿನ ಕೆಳಗೊಂದು ಕನ್ನಡಿ. ಕನ್ನಡಿ ಆಕಾಶದ ಬೆಳಕನ್ನು ಹಿಡಿದು ಗಾಜಿಗೆ ಕೊಡುತ್ತಿತ್ತು. ಖಡೇಬಜಾರಿನ ಸ್ಟುಡಿಯೋಗಳಿಂದ ಬರುವ ನೆಗೆಟಿವ್‌ಗಳನ್ನು ಆ ಗಾಜಿನ ಮೇಲಿಟ್ಟು ಕಾಕಾ ಬೆಳಗಿನಿಂದ ನಾಲ್ಕು ಗಂಟೆಯವರೆಗೆ ಬಾಗಿ ಕೂತಿರುತ್ತಿದ್ದರು. ಫೋಟೋದಲ್ಲಿ ಬೇಕಾದವರನ್ನು ಉಳಿಸಿ ಅವರ ಹಿಂದಿರುವುದನ್ನೆಲ್ಲ ತೆಗೆಯುವುದು ಅವರ ಕೆಲಸ. ಬೇಡವಾದ ಕಡೆಗೆ ದಟ್ಟ ಕೆಂಪು ಬಣ್ಣ ಹಚ್ಚುತ್ತಿದ್ದರು. ಕೆಂಪು ಹಚ್ಚಿದಲ್ಲಿ ಬೆಳಕು ದಾಟುವುದಿಲ್ಲ. ಆದ್ದರಿಂದ ಕಾಗದದ ಮೇಲೆ ಫೋಟೋ ಮೂಡಿದಾಗ ಅಲ್ಲಿ ಬರೀ ಬಿಳಿ.

ನೀಲಾಳ ಪ್ರಶ್ನೆಯನ್ನು ಕಾಕಾ ಪೂರ್ತಿ ಕೇಳಿಸಿಕೊಂಡರು. “ಎಲ್ಲೂ ಹೋಗೂದಿಲ್ಲವ್ವಾ. ಇಲ್ಲೇ ಕೆಂಪಿನ ಹಿಂದ ಕುಂತಿರ್ತಾರ. ನೋಡ್ತೀಯೇನ?”

ಅಂದು ಗಾಜಿನ ಮೇಲಿದ್ದದ್ದು ಯಾರದೋ ಮದುವೆಯ ಗುಂಪಿನ ನೆಗೆಟಿವ್. ವರನ ಕಡೆಯವರಿಗೆ ಕಳಿಸಲು ಒಬ್ಬ ಹುಡುಗಿಯನ್ನು ಮಾತ್ರ ಉಳಿಸಿ ಸುತ್ತ ಕೆಂಪು ಬಳಿದಿದ್ದರು. ಅರಳೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಒಂದು ಮೂಲೆಯಲ್ಲಿ ಹಗುರವಾಗಿ ಒರೆಸಿದರು. ಮೊದಲು ಒಂದು ಕಿವಿ ಕಾಣಿಸಿತು. ಆಮೇಲೆ ಕಿವಿಯ ಬಾಳಿ. ಆಮೇಲೆ ಅರ್ಧ ಮೀಸೆ.

“ಯಾರಂವ?”

“ಹುಡುಗಿ ಸ್ವಾದರಮಾವ ಇರಬೇಕ. ಫೋಟೋಕ್ಕ ನಿಂತಾಗಿಂದ ಹಿಂಗ ಸೆಟಗೊಂಡಾನ.”

ಬ್ರಷ್ಷಿನ ಒಂದು ಎಳೆತಕ್ಕೆ ಮೀಸೆ, ಕಿವಿ, ಬಾಳಿ ಎಲ್ಲ ಮತ್ತೆ ಮುಚ್ಚಿದವು. ನೀಲಾ ಗಾಜಿನ ಹತ್ತಿರ ಬಾಗಿ, “ಹೋಗಿ ಬರ್ತೀನ್ರಿ ಮಾವಾ” ಎಂದಳು.

ಮಗಳಿಗಿಂತ ನನಗೇ ಬೆರಗು ಹೆಚ್ಚಾಗಿತ್ತು. ಅಂದಿನಿಂದ ಕೂಸಿಗೆ ಹಾಲು ಕುಡಿಸುವ ಹೊತ್ತಿಗೆ ಅವರ ಪಡಸಾಲೆಯ ಕಂಬಕ್ಕೆ ಒರಗಿ ಕೂರುವುದು ರೂಢಿಯಾಯಿತು. ಗಲ್ಲದ ಅಂಚು, ಸೆರಗಿನ ಅಂಚು ಬಂದಾಗ ಕಾಕಾ ಉಸಿರು ಹಿಡಿಯುತ್ತಿದ್ದರು. ನನಗೂ ತಿಳಿಯದೆ ನಾನೂ ಹಿಡಿಯುತ್ತಿದ್ದೆ. ಗೆರೆ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರೆ ಒಳಗಿನಿಂದ ಹೀರಾಬಾಯಿ ಕಾಕು, “ಬಂದರೇನ ಇಬ್ಬರೂ ಮ್ಯಾಲೆ? ಬಾವ್ಯಾಗ ಮುಳಗಿದ್ರಿ ಅಂತ ತಿಳಿದಿದ್ದೆ” ಎನ್ನುತ್ತಿದ್ದರು.

ಕಾಕಾ ಹಲಗಾ ಊರಿನ ಜೈನರ ಮನೆಯವರು. ಹದಿನಾಲ್ಕನೇ ವಯಸ್ಸಿಗೆ ಬೆಳಗಾವಿಗೆ ಬಂದು, ಗೋವೆಯಿಂದ ಬಂದಿದ್ದ ಬೋರ್ಕರ ಮಾಸ್ತರರ ಸ್ಟುಡಿಯೋದಲ್ಲಿ ಕಸ ಗುಡಿಸುತ್ತಾ ಕೆಲಸ ಕಲಿತರು. ಮಾಸ್ತರರು ಮೊದಲ ವರ್ಷ ಒಂದು ಹಾಳು ನೆಗೆಟಿವ್ ಕೊಟ್ಟು, ಅದರಲ್ಲಿದ್ದ ಹುಣಸೇ ಮರದ ಎಲೆಗಳ ನಡುವಿನ ಸಂದುಗಳನ್ನೆಲ್ಲ ಕೆಂಪು ಮಾಡಿಸಿದರಂತೆ. ಮುಗಿಸಿ ತೋರಿಸಿದರೆ ಒರೆಸಿ ಮತ್ತೆ ಕೊಡುತ್ತಿದ್ದರಂತೆ. “ಮರ ನನ್ನ ಕನಸಿನ್ಯಾಗ ಬರ್ತಿತ್ತು. ಎಲಿ ಎಲ್ಲಾ ಉದರಿ ಹೋಗಲಿ ದೇವರ ಅಂತಿದ್ದೆ” ಎಂದು ಕಾಕಾ ನಗುತ್ತಿದ್ದರು.

ಅವರ ಕೈಯಲ್ಲಿ ಊರಿನ ಅರ್ಧ ಸಂಸಾರಗಳ ಗುಟ್ಟಿತ್ತು. ಹಿಂಡಲಗಾ ಕಡೆಯ ಅಣ್ಣತಮ್ಮಂದಿರು ಪಾಲಾದ ವರ್ಷ, ಅಪ್ಪನ ಎಡಬಲಕ್ಕೆ ನಿಂತು ತೆಗೆಸಿದ್ದ ಒಂದೇ ಫೋಟೋವನ್ನು ಇಬ್ಬರೂ ಬೇರೆ ಬೇರೆ ಸ್ಟುಡಿಯೋಗೆ ಒಯ್ದರು. ಎರಡೂ ಕಾಕಾನ ಮೇಜಿಗೇ ಬಂದವು. ಒಂದರಲ್ಲಿ ತಮ್ಮನನ್ನು ತೆಗೆಯಬೇಕು, ಇನ್ನೊಂದರಲ್ಲಿ ಅಣ್ಣನನ್ನು. ಅಪ್ಪನ ಕೈಗಳು ಇಬ್ಬರ ಹೆಗಲ ಮೇಲೂ ಇದ್ದವು. ಕಾಕಾ ಕೈಗಳನ್ನು ಮುಟ್ಟಲಿಲ್ಲ. ಇವತ್ತಿಗೂ ಎರಡು ಮನೆಯಲ್ಲಿ ಎರಡು ಫೋಟೋ ಇವೆ, ಎರಡರಲ್ಲೂ ಮುದುಕನ ಒಂದು ಕೈ ಗಾಳಿಯಲ್ಲಿ ಯಾರನ್ನೋ ಹಿಡಿದುಕೊಂಡಿದೆ.

ಗೋಡೆಗೆ ತೂಗುವ ಫೋಟೋಗಳಿಗೆ ನಮ್ಮ ಕಡೆ ಒಂದು ರೀತಿಯಿತ್ತು. ಎಣ್ಣೆ ಹಚ್ಚಿ ಬಾಚಿದ ತಲೆ, ನೆಟ್ಟಗಿನ ಸೆರಗು. ಕೆದರಿದ ತಲೆಯ ಹೆಣ್ಣಿನ ಫೋಟೋಕ್ಕೆ ಯಾರೂ ಕಟ್ಟು ಹಾಕಿಸುತ್ತಿರಲಿಲ್ಲ. ಗಾಳಿಗೆ ಹಾರಿದ ಕೂದಲಿದ್ದರೆ ಕಾಕಾ ಕೇಳದೆಯೇ ಕೆಂಪಿನಲ್ಲಿ ಮುಚ್ಚಿ, ತಲೆಯ ಅಂಚನ್ನು ನುಣುಪು ಮಾಡಿ ಕೊಡುತ್ತಿದ್ದರು. ನಲವತ್ತು ವರ್ಷದಲ್ಲಿ ಒಬ್ಬರೂ ಬೇಡವೆಂದಿರಲಿಲ್ಲ.

ಜೂನ್‌ನಲ್ಲಿ ಖಾನಾಪುರದಿಂದ ಚಂದ್ರವ್ವ ಬಂದಳು. ಹಂಚಿನ ಫ್ಯಾಕ್ಟರಿಯಲ್ಲಿ ಹಸಿ ಹಂಚು ಹೊರುವ ಹೆಂಗಸು. ಸ್ಟುಡಿಯೋದವರು ಆಗದು ಎಂದ ಮೇಲೆ ಯಾರನ್ನೋ ಕೇಳಿ ಗಲ್ಲಿ ಹುಡುಕಿಕೊಂಡು ಬಂದಿದ್ದಳು. ಅರಿವೆಯಲ್ಲಿ ಸುತ್ತಿ ತಂದಿದ್ದ ಫೋಟೋದಲ್ಲಿ ಫ್ಯಾಕ್ಟರಿಯ ಮುಂದೆ ನಿಂತ ನಲವತ್ತು ಮಂದಿ. ಎರಡನೇ ಸಾಲಿನ ಕೊನೆಯಲ್ಲಿ, ಮೇಸ್ತ್ರಿ ಮುಕಾದಮನ ಹೊಟ್ಟೆಯ ಪಕ್ಕ, ತೊಗರಿಬೇಳೆಯಷ್ಟು ಒಂದು ಮುಖ. ಅವಳ ಮಗಳು ಶೇವಂತಾ. ಹಿಂದಿನ ಮಳೆಗಾಲದಲ್ಲಿ ಕಾಮಾಲೆಯಾಗಿ ತೀರಿಕೊಂಡಿದ್ದಳು, ಹದಿನಾರು ವರ್ಷಕ್ಕೆ. ಅವಳದ್ದೆಂದು ಇದ್ದದ್ದು ಇದೊಂದೇ ಫೋಟೋ.

“ಮುಕಾದಮನ ಹೊಟ್ಟಿ ಬ್ಯಾಡ್ರಿ, ಭಟ್ಟಿ ಹೊಗಿ ಬ್ಯಾಡ್ರಿ, ಹಂಚ ಅಂತೂ ಬ್ಯಾಡೇ ಬ್ಯಾಡ್ರಿ ಯಣ್ಣಾ,” ಎಂದಳು ಚಂದ್ರವ್ವ. “ನಾಕ ವರ್ಷ ಹೊತ್ತಾಳ. ಇನ್ನರ ಹಂಚಿನ ಮುಂದಿಂದ ಈಚಿಗೆ ಬರ್ಲಿ.”

“ಯಾವಾಗ ಬೇಕವ್ವಾ?”

“ಮಹಾನವಮಿ ಅಮಾಸಿಗೆ ಹಿರ್‍ಯಾರ ಪೂಜಿ ಮಾಡ್ತೇವಲ್ರಿ. ಅಕಿ ಹಿರ್‍ಯಾಕಿ ಅಲ್ಲ ಖರೇ, ಆದ್ರ ಅಕೀಗೂ ಒಂದ ಜಾಗಾ ಬೇಕ.” ಸೆರಗಿನ ತುದಿ ಹಿಂಡುತ್ತಾ ಹೇಳಿದಳು: “ಈಗೀಗ ಕಣ್ಣ ಮುಚ್ಚಿದ್ರ ಮಾರಿ ಸಾಫ್ ಬರವಲ್ದ್ರಿ. ಮೂಗ ಬಂದ್ರ ಕಣ್ಣ ಹೋಗ್ತಾವ. ಅದು ಪೂರಾ ಹೋಗೂದರಾಗ ಮಾಡಿ ಕೊಡ್ರಿ.”

ಕಾಕಾ ಸ್ಟುಡಿಯೋದಲ್ಲಿ ಆ ಮುಖವನ್ನು ಮತ್ತೆ ಫೋಟೋ ತೆಗೆಸಿ ಅಂಗೈಯಗಲದ ನೆಗೆಟಿವ್ ಮಾಡಿಸಿದರು. ಒಂಬತ್ತು ದಿನ ಕೂತರು. ಮುಖದ ಮೇಲಿನ ಕಲೆಗಳನ್ನು ಪೆನ್ಸಿಲ್ಲಿನಿಂದ ಮುಚ್ಚಿದರು. ಹೊಟ್ಟೆ, ಹೊಗೆ, ಹಂಚು ಒಂದೊಂದಾಗಿ ಹೋದವು. ಫೋಟೋ ಬಂತು. ಬೆಳ್ಳನೆಯ ಬಯಲಿನಲ್ಲಿ ಒಬ್ಬಳೇ ಹುಡುಗಿ, ತುಟಿಯ ಮೂಲೆಯಲ್ಲಿ ನಗು. ಬೈತಲೆ ತೆಗೆದು ಒಪ್ಪವಾಗಿ ಬಾಚಿದ ತಲೆ. ನಿಂತ ಕಡೆಯಿಂದ ಒಂದು ಹೆಜ್ಜೆ ಮುಂದೆ ಬಂದಳೇನೋ ಅನ್ನಿಸುತ್ತಿತ್ತು.

ಜುಲೈಯಲ್ಲಿ ಚಂದ್ರವ್ವ ಬಂದು ಅದನ್ನು ಕೈಯಲ್ಲಿ ಹಿಡಿದಳು. ಬಹಳ ಹೊತ್ತು ನೋಡಿದಳು.

“ಚೊಲೊ ಐತ್ರಿ,” ಎಂದಳು. “ಯಾರ ಮಗಳ್ರಿ ಇಕಿ?”

ಕಾಕಾ ಫೋಟೋದ ಕಡೆ ಬಾಗಿದರು. “ನಿನ್ನ ಶೇವಂತಾನ ಅಲ್ಲೇನವ್ವಾ.”

“ಅಕಿ ತಲಿ ಬಾಚಿದ್ದ ನಾ ಒಂದಿನಾನೂ ನೋಡಿಲ್ರಿ. ಹಣಿಗಿ ಕಂಡ್ರ ಭಟ್ಟಿ ಹಿಂದ ಓಡಿ ಹೋಗ್ತಿದ್ಲು. ಗುಂಗರ ಕೂದಲ, ಬಿಸಲಿಗೆ ಕೆಂಪಾಗಿದ್ವು. ಗಾಳಿ ಬಂದ್ರ ತಲಿ ಸುತ್ತ ಏಳ್ತಿದ್ವು. ಸಂಜಿಕೆ ದೂರಿಂದ ಬರೂ ಮುಂದ ಮಾರಿ ಕಾಣ್ತಿರಲಿಲ್ಲ, ಆ ಕೂದಲಾ ನೋಡೇ ನಮ್ಮಾಕಿ ಬಂದ್ಲು ಅಂತಿದ್ದೆ.” ಅವಳು ಫೋಟೋವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. “ನೀವ ಚೊಲೋನ ಮಾಡೀರಿ ಯಣ್ಣಾ. ನನ್ನ ಮಗಳೊಬ್ಬಾಕಿ ಅದರಾಗ ಇಲ್ಲ.”

ಕಾಕಾ ಆ ಫೋಟೋವನ್ನು ಪಕ್ಕಕ್ಕೆ ಸರಿಸಿದರು. ಪೆಟ್ಟಿಗೆಯಿಂದ ನೆಗೆಟಿವ್ ತೆಗೆದು ಗಾಜಿನ ಮೇಲಿಟ್ಟರು. ಅರಳೆ ಅದ್ದಿ, ತಲೆಯ ಸುತ್ತಲಿನ ಒಂಬತ್ತು ದಿನದ ಕೆಂಪನ್ನು ತಾವೇ ಒರೆಸಿದರು. ಬಟ್ಟಲಿನ ನೀರು ಕುಂಕುಮದ ನೀರಾಯಿತು. “ಬಾರವ್ವಾ, ನೋಡು” ಎಂದು ಅವಳನ್ನು ಕರೆದರು.

ನೆಗೆಟಿವ್‌ನಲ್ಲಿ ಎಲ್ಲ ತಿರುವುಮುರುವು. ಬಿಳಿ ಕರಿಯಾಗಿರುತ್ತದೆ, ಕರಿ ಬಿಳಿ. ಅದು ಗೊತ್ತಿಲ್ಲದ ಚಂದ್ರವ್ವ ಗಾಜಿನ ಮೇಲೆ ಬಾಗಿದಳು. ಕೆಳಗಿನಿಂದ ಬರುವ ಬೆಳಕಿನಲ್ಲಿ ಅವಳ ಮಗಳು, ಕಪ್ಪು ಮುಖದ ಸುತ್ತ ನೂರಾರು ಬೆಳ್ಳನೆಯ ಗುಂಗುರು ಎಳೆಗಳನ್ನು ಹಾರಿಸಿಕೊಂಡು ನಿಂತಿದ್ದಳು.

“ತಲಿ ಹಣ್ಣಾಗೇತಲ್ರಿ,” ಎಂದಳು ಚಂದ್ರವ್ವ ಸಣ್ಣ ದನಿಯಲ್ಲಿ. “ಮುದುಕಿ ಆಗ್ಯಾಳ ನನ್ನ ಮಗಳ.”

ಕಾಕಾ ಅವಳನ್ನು ತಿದ್ದದೆ, ಗಾಜಿನ ಕೆಳಗಿನ ಕನ್ನಡಿಯನ್ನು ಬೆಳಕಿನ ಕಡೆ ಇನ್ನಷ್ಟು ತಿರುಗಿಸಿದರು. ಅವಳು ಗಾಜನ್ನು ಮುಟ್ಟದೆ, ಅದರ ಮೇಲೆ ಒಂದು ಬೆರಳಗಲ ಎತ್ತರದಲ್ಲಿ, ಆ ಬಿಳಿ ಕೂದಲನ್ನು ಸವರುತ್ತಿದ್ದಳು. ಮಕ್ಕಳು ಮೊಮ್ಮಕ್ಕಳನ್ನು ಕಂಡ ಮುದುಕಿಯ ತಲೆ ಸವರಿದ ಹಾಗೆ. ನನ್ನ ಕೂಸು ಹಾಲು ಬಿಟ್ಟು ಆ ಬೆಳಕನ್ನೇ ನೋಡುತ್ತಿತ್ತು. ಒಬ್ಬಳು ಬದುಕದೇ ಹೋದ ವಯಸ್ಸು ಒಂದು ಗಾಜಿನ ಮೇಲೆ ಹಗಲು ಬೆಳಕಿನಲ್ಲಿ ಕಾಣಿಸಬಹುದೆಂದು ನಾನು ಎಣಿಸಿರಲಿಲ್ಲ.

“ಹಿಂಗ ಹಾರ್ಕೋಂತ ಇರ್ಲಿ ಈ ಕೂದಲಾ,” ಎಂದಳು ಕೊನೆಗೆ. “ಆಗ್ತದೇನ್ರಿ?”

“ಮಾಡ್ತೀನಿ,” ಎಂದರು ಕಾಕಾ.

ಆದರೆ ಆಗಲಿಲ್ಲ. ಶ್ರಾವಣ ಹತ್ತಿರ ಬಂದರೂ ಆಗಲಿಲ್ಲ. ಅಂಚು ನುಣುಪು ಮಾಡುವುದು ಬೇರೆ, ಒಂದೊಂದು ಕೂದಲನ್ನು ಉಳಿಸಿ ಅದರ ಬಾಜುವಿನ ಹೊಗೆಯನ್ನು ತೆಗೆಯುವುದು ಬೇರೆ. ಎಳೆ ಎಳೆಗಳ ನಡುವಿನ ಸಂದಿಗೆ ಬ್ರಷ್ಷಿನ ತುದಿ ಹೋಗುತ್ತಿರಲಿಲ್ಲ. ಹೋದರೆ ಕೂದಲೂ ಮುಚ್ಚುತ್ತಿತ್ತು. ಮೂರು ಸಲ ಪೂರ್ತಿ ಮಾಡಿ ಮೂರು ಸಲ ಒರೆಸಿದರು. ನಾಲ್ಕನೆಯ ಸಲ ಒರೆಸಿದರೆ ನೆಗೆಟಿವ್ ಮೇಲಿನ ಪದರು ಎದ್ದೀತೆಂದು ಅವರಿಗೆ ಹೆದರಿಕೆ.

“ಮುಂಬೈಯಿಂದ ಇನ್ನೂ ಸಣ್ಣ ಬ್ರಷ್ ತರಿಸಬಾರದೇನ್ರಿ ಕಾಕಾ?” ಎಂದು ಕೇಳಿದೆ.

“ಅವು ಅಳಿಲಿನ ಬಾಲದ ಕೂದಲದವು, ತಂಗೀ. ಸತ್ತ ಜೀವದ್ದು. ನಾ ಒಂದೂ ಕೈಯಾಗ ಹಿಡದಿಲ್ಲ.” ಕಾಕಾ ತಮ್ಮ ಬ್ರಷ್ ತೋರಿಸಿದರು. ಸಣ್ಣ ಬಿದಿರಿನ ಕಡ್ಡಿಗೆ ದಾರದಿಂದ ಕಟ್ಟಿದ ಕೂದಲು. “ಇದು ನಿಮ್ಮ ಕಾಕೂದು.”

“ನನ್ನ ತಲಿ ಬೋಳ ಮಾಡಿ ಊರ ಹೆಂಗಸರ ತಲಿ ಬಾಚ್ತಾರ ಇವರು,” ಎಂದರು ಹೀರಾಬಾಯಿ ಕಾಕು ಒಳಗಿನಿಂದ.

ಅದಾದ ಎರಡು ದಿನಕ್ಕೆ, ಮೂರು ಗಂಟೆಯ ಹೊತ್ತಿಗೆ, ಕಾಕಾ ನಮ್ಮ ಬಾಗಿಲಿಗೆ ಬಂದರು. ಅಂಗಳ ದಾಟಿ ನಮ್ಮ ಕಡೆ ಬರುವುದೇ ಅಪರೂಪ. ನಮ್ಮ ಅತ್ತೆ ಅಕ್ಕವ್ವ ಹೊಸ್ತಿಲ ಬಳಿ ಅಕ್ಕಿ ಆರಿಸುತ್ತಿದ್ದರು. ಕೂಸಿಗೆ ಹನ್ನೊಂದನೇ ತಿಂಗಳು. ಬರುವ ಸೋಮವಾರ ಜಾವಳ, ಅಂದರೆ ಹುಟ್ಟುಕೂದಲು ತೆಗೆಯುವುದು. ಖಾನಾಪುರದಿಂದ ನನ್ನ ಅಣ್ಣ ಅತ್ತಿಗೆ ಬರುವವರಿದ್ದರು. ಮೊದಲ ಕತ್ತರಿ ಸೋದರಮಾವನದು.

ಕಾಕಾ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತರು. “ಅಕ್ಕಾ, ಒಮ್ಮಿ ಕತ್ತರಿ ಕಂಡ ಕೂದಲಕ್ಕ ತುದಿ ಇರೂದಿಲ್ಲ. ಮೊಂಡ ಆಗ್ತದ. ಹುಟ್ಟಿದಾಗಿಂದ ಕತ್ತರಿ ಕಾಣದ ಕೂದಲದ ತುದಿ ಮಾತ್ರ ಸಣ್ಣಾಕ್ಕೋತ ಸಣ್ಣಾಕ್ಕೋತ ಹೋಗಿ ಕಾಣದಂಗ ಮುಗೀತದ. ಬ್ರಷ್ ಕಟ್ಟಾಕ ಅಂಥಾದ್ದ ಬೇಕಾಗೇತಿ.”

ಅತ್ತೆಗೆ ಕೂಡಲೇ ತಿಳಿಯಿತು. ಮೊರದ ಮೇಲಿನ ಕೈ ನಿಂತಿತು. “ಜಾವಳದ ಕೂದಲ ಸ್ವಾದರತ್ತಿ ಉಡಿಯಾಗ ಬಿದ್ರ ಸೀದಾ ಹೊಳಿಗೆ. ನಡುವ ಯಾರ ಕೈಗೂ ಕೊಡೂದಿಲ್ಲ ಪಾಯಪ್ಪಾ. ಕೂಸಿಗೆ ಹೆಚ್ಚುಕಡಿಮಿ ಆದ್ರ? ನಿನಗ ಗೊತ್ತಿಲ್ಲೇನ?”

“ಗೊತ್ತೈತಿ. ಅದಕ್ಕ ಎರಡ ದಿನ ಬಾಗಲಾ ನೋಡಿ ಹೊಳ್ಳಿ ಹ್ವಾದೆ.”

“ಯಾರ ಸಲುವಾಗಿ ಇಷ್ಟ ಹೈರಾಣ ಆಗಾಕತ್ತಿ?”

“ಖಾನಾಪುರದ ಹಂಚಿನ ಫ್ಯಾಕ್ಟರಿ ಹೆಣ್ಣಮಗಳ. ಅಕೀಗೆ ಮಗಳ ಮಾರಿ ಮರ್‍ಯಾಕತ್ತೇತಂತ.”

ಅತ್ತೆ ಮೊರದಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. ಇನ್ನೊಂದು ಹುಡುಕಿದರು. ಸಿಗಲಿಲ್ಲ. “ನನ್ನ ಯಾಕ ಕೇಳ್ತಿ? ಹಡದಾಕಿ ಅಲ್ಲಿ ಕುಂತಾಳ. ಅಕೀನ್ನ ಕೇಳು.”

ಕಾಕಾ ನನ್ನ ಕಡೆ ತಿರುಗಿದರು. ಅಷ್ಟು ದಿನ ಅವರ ಪಕ್ಕದಲ್ಲಿ ಉಸಿರು ಹಿಡಿದು ಕೂತವಳ ಮುಖವನ್ನು ಅವರು ನೇರವಾಗಿ ನೋಡಿದ್ದು ಅದೇ ಮೊದಲಿರಬೇಕು. ನನ್ನ ಕೈ ತಾನಾಗಿ ಕೂಸಿನ ನೆತ್ತಿಯ ಮೇಲೆ ಹೋಗಿತ್ತು.

“ತಂಗೀ, ಇಪ್ಪತ್ತ ಕೂದಲ ಸಾಕ. ನಿಮ್ಮಣ್ಣ ಕತ್ತರಿ ಹಾಕೂ ಮುಂದ, ತುದಿ ಎಲ್ಲೂ ತಾಗದಂಗ ಒಂದ ಹಾಳಿಯಾಗ ಹಿಡದಿಡು. ಚಂದ್ರವ್ವನ ಕೆಲಸ ಒಂದ ಮಾಡ್ತೀನಿ, ಬ್ಯಾರೆ ಯಾರದೂ ಮಾಡೂದಿಲ್ಲ. ಮುಗದ ದಿನಾನ ದಾರ ಬಿಚ್ಚಿ, ಇಪ್ಪತ್ತಕ್ಕ ಇಪ್ಪತ್ತೂ ನಿನ್ನ ಕೈಯಾಗ ಇಡ್ತೀನಿ. ಆಮ್ಯಾಲೆ ನೀನ ಹೊಳಿಗೆ ಬಿಡು. ಕೊಡ್ತೀಯೇನವ್ವಾ?”